ಈಡು: ಇಟ್ಟದ್ದು, ಕೊಟ್ಟದ್ದು, ತೀರಿದ್ದು

ತಾವು ಈ ಲೋಕಕ್ಕೆ ಬಂದದ್ದು ಯಾಕೆಂದು ಯೇಸುಸ್ವಾಮಿ ಶಿಷ್ಯರಿಗೆ ಬಿಡಿಸಿ ಹೇಳುವ ಜಾಗವೊಂದು ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿದೆ, ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲೂ ಇದೆ. ಬಹುಜನರ ಬಿಡುಗಡೆಗಾಗಿ ತಮ್ಮ ಪ್ರಾಣವನ್ನೇ ಕೊಡುವ ವಿಚಾರ ಅದು. ನಮ್ಮ ಮನೆಗಳಲ್ಲಿರುವ ಕನ್ನಡ ಬೈಬಲಿನಲ್ಲಿ ಆ ಕೊಡುಗೆಗೆ ಬಳಸಿರುವ ಪದ ‘ಈಡು’. ಬಲಿ, ಯಜ್ಞ, ತ್ಯಾಗ, ಆಹುತಿ ಎಂಬ ಹೆಸರುವಾಸಿ ಸಂಸ್ಕೃತ ಪದಗಳೆಲ್ಲ ಕೈಗೆಟಕುವಂತಿದ್ದವು. ಅವನ್ನೆಲ್ಲ ಬಿಟ್ಟು ಅನುವಾದಕರು ಹೊಲ ಅಡವಿಡುವ ರೈತನ ಬಾಯಲ್ಲಿ, ಕೋವಿ ಹಿಡಿದ ಬೇಟೆಗಾರನ ಬಾಯಲ್ಲಿ ಓಡಾಡುತ್ತಿದ್ದ ಎರಡಕ್ಷರದ ಅಚ್ಚಗನ್ನಡ ಪದವೊಂದನ್ನು ಆರಿಸಿಕೊಂಡರು. ಆ ಆಯ್ಕೆಯ ಬೆಲೆ ಚೆನ್ನಾಗಿ ತಿಳಿಯುವುದು ಸೈನಿಕರ ಮನೆಯಲ್ಲಿ ಎಂದು ನಾನು ನಂಬಿದ್ದೇನೆ.

ಈ ಜಿಜ್ಞಾಸೆಗೆ ಠಾಣೆಯ ಪಕ್ಕದ ಮುಂಬ್ರಾ ಊರು ಒಳ್ಳೆಯ ನೆಲೆ. ಒಂದು ಕಡೆ ಪಾರ್ಸಿಕ್ ಗುಡ್ಡ, ಗುಡ್ಡದ ಮೇಲೆ ಮುಂಬ್ರಾ ದೇವಿಯ ಗುಡಿ, ಇನ್ನೊಂದು ಕಡೆ ಕಡಲ ಖಾಡಿ, ನಡುವೆ ರೈಲು ಹಳಿ. ಬೆಳಗಾವಿ, ಹುಬ್ಬಳ್ಳಿಗಳಿಂದ ಪುಣೆಯ ದಾರಿಯಾಗಿ ಮುಂಬಯಿಗೆ ಹೋಗುವ ಗಾಡಿ ಕಲ್ಯಾಣ ದಾಟಿದ ಮೇಲೆ ಈ ಗುಡ್ಡವನ್ನು ಸುತ್ತಬೇಕು, ಇಲ್ಲವೇ 1916ರಲ್ಲಿ ತೆರೆದ ಪಾರ್ಸಿಕ್ ಸುರಂಗವನ್ನು ಹೊಕ್ಕು ಠಾಣೆ ಸೇರಬೇಕು. ರಜೆ ಮುಗಿಸಿ ದಂಡಿಗೆ ಮರಳುವ ಹುಡುಗರು ಹಸಿರು ಟ್ರಂಕು ಹೊತ್ತು ಓಡಾಡುವ ದಾರಿ ಇದು. ಎರಡನೆಯ ಮಹಾಯುದ್ಧದಲ್ಲಿ ಇಲ್ಲಿಗೆ ಹತ್ತಿರದ ಕಲ್ಯಾಣ ಕ್ಯಾಂಪು ಸೈನಿಕರ ತಂಗುದಾಣವಾಗಿತ್ತು. ದೇಶವಿಭಜನೆಯ ಬಳಿಕ ಸಿಂಧಿ ನಿರಾಶ್ರಿತರು ಬಂದು ನೆಲೆಸಿ 1949ರಲ್ಲಿ ಅದು ಉಲ್ಹಾಸನಗರವಾಯಿತು. ಮುಂಬ್ರಾದ ಬೀದಿಯಲ್ಲಿ ಉರ್ದು, ಪಕ್ಕದ ಠಾಣೆಯಲ್ಲಿ ಮರಾಠಿ, ಕಲ್ಯಾಣದ ಇಗರ್ಜಿಗಳಲ್ಲಿ ಮಲಯಾಳ, ಡೊಂಬಿವಲಿಯ ಓಣಿಗಳಲ್ಲಿ ಕನ್ನಡ, ತುಳು, ಕೊಂಕಣಿ. ಬಿಡುಗಡೆಯ ಬೆಲೆ ಎಂಬ ಒಂದೇ ಅರ್ಥಕ್ಕೆ ಇಲ್ಲಿನ ಒಂದೊಂದು ಭಾಷೆಯೂ ಒಂದೊಂದು ಪದವನ್ನು ಇಟ್ಟುಕೊಂಡಿದೆ. ಆ ನೆರೆಹೊರೆಯಲ್ಲಿ ನಿಲ್ಲಿಸಿ ನೋಡಿದಾಗ ನಮ್ಮ ‘ಈಡು’ ಪದದ ಗುಣ ಎದ್ದು ಕಾಣುತ್ತದೆ.

ಮೊದಲು ಪದದ ಹುಟ್ಟು. ಕೆಡುವುದರಿಂದ ಕೇಡು, ಪಡುವುದರಿಂದ ಪಾಡು, ಬಿಡುವುದರಿಂದ ಬೀಡು. ಧಾತುವಿನ ಮೊದಲ ಸ್ವರವನ್ನು ಎಳೆದು ಕ್ರಿಯೆಯನ್ನು ಹೆಸರಾಗಿಸುವುದು ಕನ್ನಡಕ್ಕೂ ಅದರ ದ್ರಾವಿಡ ಬಳಗಕ್ಕೂ ಹಳೆಯ ರೂಢಿ. ಅದೇ ಜಾಡಿನಲ್ಲಿ ‘ಇಡು’ ಧಾತು ‘ಈಡು’ ಆಯಿತು. ತಮಿಳಿನಲ್ಲೂ ಮಲಯಾಳದಲ್ಲೂ ಈ ಪದದ ಒಡಹುಟ್ಟುಗಳಿವೆ, ಅಲ್ಲೂ ಒತ್ತೆ, ಪರಿಹಾರ ಎಂಬ ಅರ್ಥಗಳಿವೆ. ಇಂದು ನಾವು ‘ಇಡು’ ಎಂದರೆ ಮೆಲ್ಲಗೆ ಕೆಳಗಿರಿಸುವುದು ಎಂದಷ್ಟೇ ತಿಳಿಯುತ್ತೇವೆ. ಹಳಗನ್ನಡದಲ್ಲಿ ಅದಕ್ಕೆ ಬೀಸಿ ಎಸೆಯುವುದು, ಹೊಡೆಯುವುದು ಎಂಬ ಬಿರುಸಿನ ಅರ್ಥವೂ ಇತ್ತು. ಕಲ್ಲಿನಿಂದ ಇಡುತ್ತಿದ್ದರು, ಆಯುಧದಿಂದ ಇಡುತ್ತಿದ್ದರು. ಹೀಗೆ ತಾಯಿಧಾತುವಿಗೇ ಎರಡು ಮುಖ: ಒಂದು ಕೈ ಬೀಸಿ ಎಸೆಯುತ್ತದೆ, ಇನ್ನೊಂದು ಕೈ ನಂಬಿ ಇರಿಸುತ್ತದೆ. ‘ಈಡು’ ಪದದ ಮುಂದಿನ ಬಾಳೆಲ್ಲ ಈ ಎರಡು ಕೈಗಳ ನಡುವೆ ಸಾಗಿತು.

ಎಸೆಯುವ ಕೈಯಿಂದ ಬಂದದ್ದು ಕೋವಿಯ ಈಡು. ಮಲೆನಾಡಿನ ಬೇಟೆಯ ಬರಹಗಳನ್ನು ಓದಿದವರಿಗೆ ಇದು ಹೊಸದಲ್ಲ. ಒಂದೇ ಈಡಿಗೆ ಹಂದಿ ಉರುಳುತ್ತದೆ, ಎರಡನೆಯ ಈಡು ಗುರಿ ತಪ್ಪುತ್ತದೆ, ದೂರದ ಕಣಿವೆಯಲ್ಲಿ ಈಡಿನ ಸದ್ದು ಕೇಳುತ್ತದೆ. ಬಿಲ್ಲು ಕವಣೆಗಳ ಕಾಲದಲ್ಲಿ ಎಸೆತವಾಗಿದ್ದ ಪದ ಮದ್ದುಗುಂಡಿನ ಕಾಲ ಬಂದಾಗ ತಾನಾಗಿ ಕೋವಿಯ ನಳಿಗೆಗೆ ಸೇರಿಕೊಂಡಿತು. ಕೊಡಗಿನವರು ಕೈಲ್ ಮುಹೂರ್ತದಂದು ಕೋವಿಗೆ ಪೂಜೆ ಮಾಡಿ, ಮರದ ತುದಿಯ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಸೈನ್ಯಕ್ಕೆ ಜನರಲ್ ತಿಮ್ಮಯ್ಯ, ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅಂಥವರನ್ನು ಕೊಟ್ಟ ಆ ನಾಡಿನಲ್ಲಿ ಕೋವಿ ಹಬ್ಬದ ಬಳುವಳಿ. ಸೈನಿಕನಿಗೆ ಈ ಅರ್ಥದ ಈಡು ದಿನದಿನದ ಒಡನಾಡಿ. ತರಬೇತಿಯಲ್ಲಿ ಅವನು ಅದನ್ನು ಎಣಿಸಿ ಪಡೆಯುತ್ತಾನೆ, ಗಡಿಯಲ್ಲಿ ಅದರ ಎದುರಿಗೆ ನಿಲ್ಲುತ್ತಾನೆ, ಮಡಿದರೆ ಅವನ ಗೌರವಕ್ಕೆ ಆಕಾಶಕ್ಕೆ ಹಾರಿಸುವುದೂ ಅದನ್ನೇ.

ಇರಿಸುವ ಕೈಯಿಂದ ಬಂದದ್ದು ಸಾಲದ ಈಡು. ಹೊಲವನ್ನೋ ಒಡವೆಯನ್ನೋ ನಂಬಿಕೆಗಾಗಿ ಸಾಲ ಕೊಟ್ಟವನ ಬಳಿ ಇಟ್ಟರೆ ಅದು ಈಡು. ಅಡವು, ಒತ್ತೆ, ಗಿರವಿ ಇದರ ನೆಂಟರು. ಸಾಲಕ್ಕೆ ಸರಿತೂಗುವಷ್ಟು ಬೆಲೆ ಅದಕ್ಕಿರಬೇಕು. ಅದರಿಂದಲೇ ಸಮಾನ, ತಕ್ಕುದು ಎಂಬ ಅರ್ಥವೂ ಈ ಪದದ ಜೊತೆಗೆ ನಡೆದುಬಂದಿದೆ. ‘ಈಡುಜೋಡು’ ಎಂದರೆ ಸರಿಸಾಟಿ. ವಸ್ತುವನ್ನಷ್ಟೇ ಅಲ್ಲ, ಮನುಷ್ಯರನ್ನೂ ಹೀಗೆ ಇಟ್ಟ ಕತೆ ಕನ್ನಡ ನೆಲದಲ್ಲೇ ಇದೆ. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾದಾಗ ಟಿಪ್ಪು ಸುಲ್ತಾನ ಅರ್ಧ ರಾಜ್ಯ ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ದಂಡಕ್ಕೆ ಒಪ್ಪಿ, ಅದು ಸಲ್ಲುವ ತನಕ ತನ್ನ ಇಬ್ಬರು ಎಳೆಯ ಗಂಡುಮಕ್ಕಳನ್ನು ಕಾರ್ನ್‌ವಾಲಿಸನ ಕೈಗೆ ಒತ್ತೆಯಾಳಾಗಿ ಕೊಟ್ಟ. ಮಕ್ಕಳು ಮರಳಿದ್ದು 1794ರಲ್ಲಿ. ಯುದ್ಧ ಸೋತ ತಂದೆ ಗತಿಯಿಲ್ಲದೆ ಕೊಟ್ಟ ಈಡು ಅದು. ಮಕ್ಕಳನ್ನು ಕಳಿಸಿಕೊಟ್ಟ ಆ ಗಳಿಗೆಯ ನೋವು ಯಾವ ತಂದೆತಾಯಿಗಾದರೂ ಅರ್ಥವಾಗುತ್ತದೆ. ಸುವಾರ್ತೆಯಲ್ಲೂ ಮಗನನ್ನು ಕೊಡುವ ತಂದೆಯೊಬ್ಬನಿದ್ದಾನೆ. ಅವನನ್ನು ಯಾರೂ ಸೋಲಿಸಿರಲಿಲ್ಲ, ಅವನು ಯಾರಿಗೂ ಸಾಲಗಾರನಾಗಿರಲಿಲ್ಲ. ಸಾಲ ನಮ್ಮದು, ಈಡು ಅವನದು.

ಇದೇ ಪದಕ್ಕೆ ‘ಆಗು’ ಸೇರಿದಾಗ ಇನ್ನೊಂದು ದಾರಿ ತೆರೆಯಿತು. ಅವಮಾನಕ್ಕೆ ಈಡಾದ, ಕಷ್ಟಕ್ಕೆ ಈಡಾದ, ಗುಂಡಿಗೆ ಈಡಾದ. ಬಸ್ಸು ಉರುಳಿದ ಸುದ್ದಿಯನ್ನು ‘ಅಪಘಾತಕ್ಕೀಡಾದ’ ಎಂಬ ಪದವಿಲ್ಲದೆ ಬರೆಯುವುದೇ ಕನ್ನಡ ಪತ್ರಿಕೆಗಳಿಗೆ ಕಷ್ಟ. 2025ರ ಜೂನ್ 9ರ ಬೆಳಗ್ಗೆ ಮುಂಬ್ರಾದ ತಿರುವಿನಲ್ಲಿ, ಕಿಕ್ಕಿರಿದು ಬಾಗಿಲಲ್ಲಿ ಜೋತುಬಿದ್ದಿದ್ದ ಲೋಕಲ್ ಪ್ರಯಾಣಿಕರು ಅಕ್ಕಪಕ್ಕ ಹಾದುಹೋಗುವ ಎರಡು ಗಾಡಿಗಳ ನಡುವೆ ಹಳಿಗೆ ಬಿದ್ದರು. ಅಂದೇ ನಾಲ್ವರು ತೀರಿಕೊಂಡರು. ಅವರಲ್ಲಿ ಒಬ್ಬ ರೈಲ್ವೆ ಪೊಲೀಸ್ ಕಾನ್‌ಸ್ಟೆಬಲ್, ಸಮವಸ್ತ್ರದ ಕೆಲಸದವನು. ಅವರಾರೂ ತಮ್ಮನ್ನು ಕೊಟ್ಟುಕೊಂಡವರಲ್ಲ, ಈಡಾದವರು. ಈಡಾಗುವುದರಲ್ಲಿ ಮನುಷ್ಯನ ಮನಸ್ಸಿಗೆ ಪಾಲಿಲ್ಲ, ಹೊರಗಿನದೊಂದು ಬಂದು ಬಡಿಯುತ್ತದೆ. ಈಡು ಕೊಡುವುದರಲ್ಲಿ ಮನಸ್ಸೇ ಎಲ್ಲ. ಒಂದೇ ನಾಮಪದದ ಮುಂದೆ ಕ್ರಿಯಾಪದ ಬದಲಾದರೆ ಸಾವಿನ ಅರ್ಥವೇ ಬದಲಾಗುತ್ತದೆ. ಗಡಿಯಲ್ಲಿ ನಿಂತವನನ್ನು ಇರುಳಲ್ಲಿ ಕಾಡುವ ಭಯ ಈ ಎರಡರ ನಡುವಿನದು. ‘ನಾನು ಏನನ್ನಾದರೂ ಕೊಡುತ್ತಿದ್ದೇನೆಯೇ, ಇಲ್ಲ ಯಾರದೋ ಗುಂಡಿಗೆ ಸುಮ್ಮನೆ ಈಡಾಗುತ್ತೇನೆಯೇ?’

ಇನ್ನು ನೆರೆಯ ಭಾಷೆಗಳ ಮನೆಗೆ ಬರೋಣ. ಮುಂಬ್ರಾದ ಮಾತು ಉರ್ದು. ಉರ್ದು ಬೈಬಲಿನಲ್ಲಿ ಇದೇ ಜಾಗಕ್ಕೆ ಇರುವ ಪದ ‘ಫಿದಿಯಾ’. ಅರಬ್ಬಿಯಿಂದ ಬಂದ ಈ ಪದದ ಮೂಲಾರ್ಥ ಬದಲಿಗೆ ಕೊಟ್ಟು ಬಿಡಿಸಿಕೊಳ್ಳುವುದು. ರಂಜಾನಿನ ಉಪವಾಸ ಮಾಡಲಾಗದ ಮುದುಕರು, ಕಾಯಿಲೆಯವರು ಬದಲಿಗೆ ಬಡವರಿಗೆ ಊಟ ಹಾಕಿದರೆ ಅದೂ ಫಿದಿಯಾ. ಇಬ್ರಾಹಿಮರ ಮಗನ ಬದಲಿಗೆ ದೇವರು ಬೇರೊಂದು ಬಲಿಯನ್ನು ಒದಗಿಸಿದ ಕತೆಯನ್ನು ಹೇಳುವಾಗ ಕುರಾನು ಬಳಸುವುದೂ ಇದೇ ಧಾತುವನ್ನು. ಬಕ್ರೀದಿನಲ್ಲಿ ಮುಂಬ್ರಾದ ಮನೆಮನೆಯೂ ನೆನೆಯುವ ಕತೆ ಅದು. ಬೈಬಲಿನಲ್ಲೂ ಅಬ್ರಹಾಮನ ಕತೆಯಿದೆ, ಅಲ್ಲೂ ಕಡೆಗೆ ಪೊದೆಯಲ್ಲಿ ಸಿಕ್ಕಿಕೊಂಡ ಟಗರೊಂದು ಮಗನ ಜಾಗಕ್ಕೆ ಬರುತ್ತದೆ. ಮಗನನ್ನು ಬಿಡಿಸಿದವನು ದೇವರೇ ಎಂಬಲ್ಲಿ ಎರಡೂ ಮನೆಗಳು ಒಂದೇ ಮಾತನ್ನಾಡುತ್ತವೆ. ಅದೇ ಧಾತುವಿನಿಂದ ‘ಫಿದಾ’ ಹುಟ್ಟಿ ಸಿನಿಮಾದಲ್ಲಿ ಮರುಳಾಗುವುದಾಯಿತು, ‘ಫಿದಾಯೀನ್’ ಹುಟ್ಟಿ ಸುದ್ದಿಯಲ್ಲಿ ಕೊಲ್ಲಲೆಂದೇ ಸಾಯುವವರ ಹೆಸರಾಯಿತು. ಬಿಡಿಸಲೆಂದು ಹುಟ್ಟಿದ ಧಾತು ಹೀಗೆ ಕೊಲೆಯ ಸುದ್ದಿಗೂ ಸೇರಿಕೊಂಡದ್ದು ನೋವಿನ ಸಂಗತಿ.

ಮರಾಠಿಯ ಕತೆ ಇನ್ನೂ ಹತ್ತಿರದ್ದು. ಮರಾಠಿ ಬೈಬಲು ಇಲ್ಲಿ ‘ಖಂಡಣಿ’ ಎನ್ನುತ್ತದೆ. ಒಂದು ಕಾಲಕ್ಕೆ ಖಂಡಣಿ ಎಂದರೆ ಗೆದ್ದ ದೊರೆಗೆ ಸೋತವನು ಒಪ್ಪಿಸುವ ಕಪ್ಪ, ಸೆರೆಯಾದವರನ್ನು ಬಿಡಿಸಲು ಕೊಡುವ ಹಣ. ಇಂದು ಠಾಣೆಯ ಪತ್ರಿಕೆಗಳಲ್ಲಿ ಖಂಡಣಿ ಎಂದರೆ ಬೆದರಿಸಿ ಸುಲಿಯುವ ಹಣ. ಠಾಣೆ ಪೊಲೀಸರ ಸುಲಿಗೆ ನಿಗ್ರಹ ದಳದ ಹೆಸರೇ ‘ಖಂಡಣಿ ವಿರೋಧಿ ಪಥಕ’. ಮರಾಠಿ ಕ್ರೈಸ್ತರು ರಕ್ಷಣೆಗೆ ಬಳಸುವ ಇನ್ನೊಂದು ಪದ ‘ತಾರಣ’, ರಕ್ಷಕನಿಗೆ ‘ತಾರಣಾರಾ’. ದಾಟಿಸುವುದು ಎಂಬ ಅರ್ಥದ ಅದೇ ರೂಪ ಮರಾಠಿ ವ್ಯವಹಾರದಲ್ಲಿ ಸಾಲದ ಆಧಾರವೂ ಹೌದು. ಚಿನ್ನದ ಮೇಲೆ ಸಾಲ ಕೊಡುವ ಅಂಗಡಿಯ ಫಲಕದಲ್ಲಿ ‘ಸೋನೆ ತಾರಣ ಕರ್ಜ’ ಎಂದಿರುತ್ತದೆ. ಭಾನುವಾರದ ಪ್ರಾರ್ಥನೆಯಲ್ಲಿ ಕೇಳಿದ ಪದವನ್ನೇ ಸೋಮವಾರ ತಾಯಿಯ ಬಳೆ ಅಡವಿಡುವ ಬಡವನೂ ಓದುತ್ತಾನೆ. ಕಲ್ಯಾಣದಲ್ಲಿ 1988ರಲ್ಲಿ ಮಲಯಾಳಿ ಕ್ರೈಸ್ತರ ಸೀರೋ ಮಲಬಾರ್ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಮಲಯಾಳದ ಹಳೆಯ ಬೈಬಲು ಇಲ್ಲಿ ‘ಮರುವಿಲ’ ಎಂದಿತು, ಅಂದರೆ ಬದಲಿಗೆ ಕೊಟ್ಟ ಬೆಲೆ. ಒಂದೊಂದು ಭಾಷೆಯೂ ತನ್ನ ಸಂತೆಯಲ್ಲಿ, ತನ್ನ ಯುದ್ಧದಲ್ಲಿ ಸವೆದ ನಾಣ್ಯವನ್ನೇ ತೆಗೆದು ದೇವರ ಪ್ರೀತಿಯನ್ನು ಹೇಳಲು ಬಳಸಿದೆ.

ಇವೆಲ್ಲಕ್ಕೂ ಮೂಲವಾದ ಗ್ರೀಕ್ ಪದ ‘ಲೂತ್ರೋನ್’. ಬಿಚ್ಚುವುದು, ಕಳಚುವುದು ಎಂಬ ಧಾತುವಿನಿಂದ ಬಂದದ್ದು. ಗುಲಾಮರನ್ನು ಬಿಡಿಸಲು, ಯುದ್ಧದಲ್ಲಿ ಸೆರೆಸಿಕ್ಕವರನ್ನು ಮನೆಗೆ ತರಲು ತೆರುವ ಬೆಲೆ ಅದು. ಆ ಕಾಲದಲ್ಲಿ ಸೆರೆಸಿಕ್ಕ ಸೈನಿಕನಿಗೆ ಬಹುಮಟ್ಟಿಗೆ ಎರಡೇ ದಾರಿ: ಮನೆಯವರು ಹಣ ಹೊಂದಿಸಿ ಬಿಡಿಸಬೇಕು, ಇಲ್ಲವೇ ಅವನು ಸಂತೆಯಲ್ಲಿ ಮಾರಾಟವಾಗಬೇಕು. ಆದ್ದರಿಂದ ಈ ಪದವನ್ನು ಮೊದಲು ಕೇಳಿದವರ ಕಣ್ಣಮುಂದೆ ಗುಡಿಗಿಂತ ಹೆಚ್ಚಾಗಿ ಸೆರೆಮನೆಯೇ ನಿಂತಿರಬೇಕು. ಎರಡನೆಯ ಮಹಾಯುದ್ಧದಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಇಟಲಿಯ ಯುದ್ಧಕೈದಿಗಳನ್ನು ಇಟ್ಟಿದ್ದರು. ತಂತಿಬೇಲಿಯ ಆಚೆ ರಾಗಿಹೊಲ, ಈಚೆ ಮನೆಯ ನೆನಪು. ಸೋತ ದೇಶದ ಸೈನಿಕನನ್ನು ಪರನಾಡಿನ ಬೇಲಿಯೊಳಗೆ ಕಾಡುವ ಪ್ರಶ್ನೆ ಒಂದೇ: ನನ್ನನ್ನು ಮರಳಿ ಪಡೆಯಬೇಕೆಂದು ಯಾರಿಗಾದರೂ ಅನ್ನಿಸುತ್ತದೆಯೇ? ಲೂತ್ರೋನ್ ಎಂಬ ಪದ ಆ ಪ್ರಶ್ನೆಗೆ ಉತ್ತರವಾಗಿ ಬಂದದ್ದು. ಬೆಲೆ ತೆತ್ತರು ಎಂದರೆ ಬೇಕಾಗಿದ್ದೇವೆ ಎಂದೇ ಅರ್ಥ.

ಯೇಸುಸ್ವಾಮಿ ಈ ಮಾತನ್ನಾಡಿದ ಸಂದರ್ಭವನ್ನೂ ಗಮನಿಸಬೇಕು. ಅಂದು ನಡೆಯುತ್ತಿದ್ದದ್ದು ಪದವಿಯ ಚರ್ಚೆ. ಯಾಕೋಬ, ಯೋಹಾನ ಎಂಬ ಇಬ್ಬರು ಶಿಷ್ಯರು, ತಮ್ಮ ಗುರು ಸಿಂಹಾಸನವೇರಿದಾಗ ಎಡಬಲದ ಆಸನ ತಮಗೆ ಸಿಗಲಿ ಎಂದು ಕೇಳಿದ್ದರು. ಉಳಿದ ಹತ್ತು ಮಂದಿಗೆ ಸಿಟ್ಟು ಬಂದಿತ್ತು. ಲೋಕದ ಅಧಿಪತಿಗಳು ಕೈಕೆಳಗಿನವರ ಮೇಲೆ ದೊರೆತನ ನಡೆಸುವ ರೀತಿ ತಮ್ಮವರಲ್ಲಿ ಇರಕೂಡದು ಎಂದು ಸ್ವಾಮಿ ತಿದ್ದಿದರು. ಅದರ ಬೆನ್ನಿಗೇ ಈಡಿನ ಮಾತು ಬಂತು. ಸೈನ್ಯ ನಡೆಯುವುದೇ ಪದವಿಯ ಮೆಟ್ಟಿಲುಗಳ ಮೇಲೆ. ಮೇಲಿನವನು ಆಜ್ಞೆ ಕೊಡುತ್ತಾನೆ, ಕೆಳಗಿನವನು ಮುಂದೆ ನುಗ್ಗುತ್ತಾನೆ. ಎಲ್ಲರಿಗೂ ಮೇಲಿರುವವನೇ ಮೊದಲು ಮುಂದೆ ಹೋಗಿ ಪ್ರಾಣ ಕೊಟ್ಟ ಎನ್ನುವ ಸುದ್ದಿ ಸಿಪಾಯಿಯ ಕಿವಿಗೆ ಬೀಳುವ ಬಗೆಯೇ ಬೇರೆ. ತನ್ನ ತುಕಡಿಯ ಮುಂದೆ ತಾನೇ ನಡೆದ ಅಧಿಕಾರಿಯನ್ನು ಕಂಡವನಿಗೆ ಅದನ್ನು ವಿವರಿಸಬೇಕಾಗಿಲ್ಲ.

ಕನ್ನಡ ನಾಡಿನ ಹಳೆಯ ದಾರಿ ಇದಕ್ಕೆ ತಿರುವುಮುರುವಾಗಿತ್ತು. ಉಂಡ ಅನ್ನದ ಋಣವನ್ನು ಯುದ್ಧದಲ್ಲಿ ಪ್ರಾಣ ಕೊಟ್ಟು ತೀರಿಸುವುದಕ್ಕೆ ನಮ್ಮವರು ‘ಜೋಳವಾಳಿ’ ಎಂದು ಹೆಸರಿಟ್ಟಿದ್ದರು. ಒಡೆಯನಿಗೆ ಮಾತು ಕೊಟ್ಟು ಅವನಿಗಾಗಿ ಸಾಯುವುದು ‘ವೇಳೆವಾಳಿ’. ಮಡಿದವನ ಮನೆಗೆ ದೊರೆ ಕೊಡುವ ಭೂಮಿ ‘ನೆತ್ತರುಗೊಡಗೆ’. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಪಕ್ಕದ ಕಂಬವೊಂದರಲ್ಲಿ ಕುವರ ಲಕ್ಷ್ಮನ ಕತೆಯಿದೆ. ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನ ಆಪ್ತ ‘ಗರುಡ’ನಾಗಿದ್ದ, ಅಂದರೆ ಪ್ರಾಣದ ಮಾತು ಕೊಟ್ಟ ಅಂಗರಕ್ಷಕನಾಗಿದ್ದ ಅವನು 13ನೆಯ ಶತಮಾನದ ಮೊದಲ ಭಾಗದಲ್ಲಿ ದೊರೆ ತೀರಿಕೊಂಡಾಗ ಹೆಂಡತಿ ಸುಗ್ಗಲದೇವಿಯೊಂದಿಗೆ, ತನ್ನ ಪಡೆಯೊಂದಿಗೆ ಪ್ರಾಣ ಬಿಟ್ಟ. ಕಂಬದ ಮೇಲೆ ತಮ್ಮನ್ನು ತಾವೇ ಕತ್ತರಿಸಿಕೊಳ್ಳುವ ವೀರರ ಚಿತ್ರಗಳಿವೆ. ಮುಂಬಯಿಯ ಬೋರಿವಲಿ ಬಳಿಯ ಎಕ್ಸರ್‌ನಲ್ಲೂ ವೀರಗಲ್ಲುಗಳಿವೆ, ಅವುಗಳ ಮೇಲೆ ಹಡಗುಗಳ ಕಾಳಗ ಕೆತ್ತಿದೆ. ಮಡಿದವರನ್ನು ಅಪ್ಸರೆಯರು ಕೈಹಿಡಿದು ಮೇಲಕ್ಕೊಯ್ಯುವ ಕೆತ್ತನೆ ನಮ್ಮ ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಈ ಕಲ್ಲುಗಳ ಮುಂದೆ ನಿಂತರೆ ತಲೆ ತಾನಾಗಿ ಬಾಗುತ್ತದೆ. ಆ ನಿಷ್ಠೆಯನ್ನು ಹಗುರ ಮಾಡುವ ಹಕ್ಕು ಯಾರಿಗೂ ಇಲ್ಲ. ಆದರೂ ಅಲ್ಲಿ ಈಡು ಹರಿಯುವ ದಿಕ್ಕು ಒಂದೇ: ಕೆಳಗಿನಿಂದ ಮೇಲಕ್ಕೆ. ಆಳು ಒಡೆಯನಿಗಾಗಿ ಸಾಯುತ್ತಾನೆ. ಸುವಾರ್ತೆಯಲ್ಲಿ ಆ ದಿಕ್ಕು ತಿರುಗಿತು. ಒಡೆಯ ಆಳಿಗಾಗಿ ಈಡಾದ, ಅಲ್ಲ, ತನ್ನನ್ನೇ ಈಡು ಕೊಟ್ಟ.

ಈ ತಿರುವು ಕನ್ನಡಕ್ಕೆ ಬಂದದ್ದೇ ಒಂದು ದಂಡಿನ ಊರಿನ ದಾರಿಯಾಗಿ. ಲಂಡನ್ ಮಿಷನರಿ ಸಂಸ್ಥೆಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದಾಗ ಅದು ಕಂಪನಿ ಸೈನ್ಯದ ದೊಡ್ಡ ನೆಲೆ. ಅವರು ಊರ ಜನರಿಗೆ ಕಲಿಸುತ್ತ, ದಂಡಿನವರಿಗೂ ಉಪದೇಶಿಸುತ್ತ, ಕನ್ನಡ ಕಲಿತು ಅನುವಾದಕ್ಕೆ ಕೈಹಚ್ಚಿದರು. ವಿಲಿಯಂ ರೀವ್ ಅವರ ಜೊತೆಗೂಡಿದರು. 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿತ್ತು. ಮುಂದೆ ಮಂಗಳೂರಿನ ಬಾಸೆಲ್ ಮಿಷನ್ನಿನವರು ಅದನ್ನು ತಿದ್ದಿ ಹದಗೊಳಿಸಿದರು. ಅದೇ ಮಿಷನ್ನಿನ ಫರ್ಡಿನಾಂಡ್ ಕಿಟೆಲ್, ವೇದದ ಯಜ್ಞವಿಚಾರವನ್ನು ಓದಿಕೊಂಡು 1872ರಲ್ಲಿ ‘ಯಜ್ಞಸುಧಾನಿಧಿ’ ಎಂಬ ಪುಸ್ತಿಕೆ ತಂದರು, 1894ರಲ್ಲಿ ತಮ್ಮ ಮಹಾನಿಘಂಟನ್ನು ಕೊಟ್ಟರು. ಯಜ್ಞವೆಂಬ ಪದದ ಆಳ ಬಲ್ಲ ಈ ಪರಂಪರೆ, ಪೂಜಾರಿ ನಡೆಸುವ ಅರ್ಪಣೆಗೆ ಯಜ್ಞವೆಂಬ ಪದವನ್ನೇ ಉಳಿಸಿಕೊಂಡು, ಸೆರೆ ಬಿಡಿಸುವ ಬೆಲೆಗೆ ಈಡೆಂಬ ಪದವನ್ನು ಬೇರೆಯಾಗಿ ಇರಿಸಿತು. ಈ ವಿವೇಕಕ್ಕೆ ನಾವು ಋಣಿಗಳು. ಯಜ್ಞ ಎಂದಾಗ ಕಣ್ಣು ವೇದಿಕೆಯ ಕಡೆ ಹೊರಳುತ್ತದೆ, ಈಡು ಎಂದಾಗ ನಮ್ಮ ಕಡೆಗೇ ತಿರುಗುತ್ತದೆ. ಯಾರನ್ನೋ ಬಿಡಿಸಬೇಕಿದೆ, ಆ ‘ಯಾರೋ’ ನಾವೇ.

ಈಗ ಇದನ್ನು ಸೈನಿಕನ ಎದುರಿಗೆ ಇಡುತ್ತೇನೆ. ನಮ್ಮ ಸೈನ್ಯದಲ್ಲಿ ಪಂಡಿತರು, ಮೌಲವಿಗಳು, ಗ್ರಂಥಿಗಳು ಇರುವಂತೆ ಪಾದ್ರಿಗಳೂ ಇದ್ದಾರೆ. ನಾಯಬ್ ಸುಬೇದಾರ್ ದರ್ಜೆಯಲ್ಲಿ ಸೇರಿ ಜವಾನರ ನಡುವೆಯೇ ಬಾಳುವವರು ಅವರು. ಅನೇಕ ನೆಲೆಗಳಲ್ಲಿ ಎಲ್ಲ ಧರ್ಮದವರೂ ಒಂದೇ ಸೂರಿನಡಿ ಕೈಮುಗಿಯುವ ಸರ್ವಧರ್ಮ ಸ್ಥಳವಿರುತ್ತದೆ. ಅಲ್ಲಿಗೆ ಬರುವ ಕ್ರೈಸ್ತ ಹುಡುಗನ ಮನಸ್ಸಿನಲ್ಲಿ ಒಂದು ಲೆಕ್ಕ ನಡೆಯುತ್ತಿರುತ್ತದೆ. ದೇಶದ ಅನ್ನ ಉಂಡಿದ್ದೇನೆ, ತೀರಿಸಬೇಕು. ಮನೆಯ ಸಾಲ ಇದೆ, ತೀರಿಸಬೇಕು. ಕೈಯಲ್ಲಿ ಕೋವಿ ಇದೆ, ಅದರಿಂದ ಆದದ್ದಕ್ಕೆ ದೇವರಿಗೂ ಉತ್ತರ ಹೇಳಬೇಕು. ಈ ಎಲ್ಲ ಸಾಲಕ್ಕೂ ಕಡೆಗೆ ತನ್ನ ಪ್ರಾಣವೇ ಈಡು ಎಂದು ಅವನು ಒಳಗೊಳಗೇ ಬರೆದಿಟ್ಟುಬಿಡುತ್ತಾನೆ. ಸುವಾರ್ತೆ ಅವನಿಗೆ ಕೊಡುವ ಭರವಸೆ ಇಷ್ಟೇ, ಇಷ್ಟು ಸಾಕು: ಮಗನೇ, ದೇವರ ಪ್ರೀತಿಗೆ ನಿನ್ನ ಪ್ರಾಣವನ್ನು ಈಡಾಗಿ ಯಾರೂ ಕೇಳಿಲ್ಲ. ಆ ಈಡು ನೀನು ಹುಟ್ಟುವ ಮೊದಲೇ ಸಂದಿದೆ. ನೀನು ಕೆಚ್ಚಿನಿಂದ ಹೋರಾಡಿದರೂ, ಭಯದಿಂದ ನಡುಗಿದರೂ, ಗಾಯಗೊಂಡು ಅರ್ಧದಲ್ಲಿ ಮರಳಿದರೂ ಅದರಲ್ಲಿ ಒಂದು ಕಾಸೂ ಕಡಿಮೆಯಾಗದು.

ಇದು ಸುಮ್ಮನೆ ಸಮಾಧಾನಕ್ಕೆ ಹೇಳುವ ಮಾತಲ್ಲ. ಹೊಸ ಒಡಂಬಡಿಕೆಯ ಪುಟಗಳಲ್ಲಿ ಸೈನಿಕರು ಮತ್ತೆ ಮತ್ತೆ ಬರುತ್ತಾರೆ. ದಾರಿ ಕೇಳಿ ಬಂದ ಸಿಪಾಯಿಗಳಿಗೆ ಸ್ನಾನಿಕ ಯೋಹಾನರು ಜನರನ್ನು ಸುಲಿಯಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಎಂಬ ಬುದ್ಧಿಮಾತು ಹೇಳಿದರು. ಕಪೆರ್ನೌಮಿನ ಶತಾಧಿಪತಿಯ ನಂಬಿಕೆಯನ್ನು ಕಂಡು ಸ್ವಾಮಿಯೇ ಬೆರಗಾದರು. ಯೆಹೂದ್ಯರಲ್ಲದವರ ಮನೆಗಳಲ್ಲಿ ಸಭೆಯ ಬಾಗಿಲು ತೆರೆದುಕೊಂಡದ್ದು ಕೊರ್ನೇಲ್ಯ ಎಂಬ ಶತಾಧಿಪತಿಯ ಮನೆಯಲ್ಲಿ. ಎಲ್ಲಕ್ಕಿಂತ ಮಿಗಿಲಾಗಿ, ಶಿಲುಬೆಗೆ ಮೊಳೆ ಹೊಡೆದವರೇ ಸೈನಿಕರು, ಆಜ್ಞೆ ಪಾಲಿಸುತ್ತಿದ್ದ ಡ್ಯೂಟಿಯ ಮಂದಿ. ಈಡು ಸಲ್ಲುತ್ತಿದ್ದ ಗಳಿಗೆಯಲ್ಲಿ ಅದಕ್ಕೆ ಅತಿ ಹತ್ತಿರ ನಿಂತಿದ್ದವರು ಅವರೇ. ಕ್ಷಮೆಯ ಮಾತು ಮೊದಲು ಬಿದ್ದದ್ದು ಅವರ ತಲೆಯ ಮೇಲೆ. ಸಾವು ಕಂಡ ಮೇಲೆ ಸ್ವಾಮಿ ಯಾರೆಂದು ಬಾಯಿಬಿಟ್ಟು ಹೇಳಿದವನೂ ಕಾವಲಿಗಿದ್ದ ಶತಾಧಿಪತಿಯೇ. ಸಮವಸ್ತ್ರ ತೊಟ್ಟವನಿಗೆ ದೇವರ ಪ್ರೀತಿಯಲ್ಲಿ ಜಾಗವಿದೆಯೇ ಎಂದು ಕೇಳುವವರಿಗೆ ಶಿಲುಬೆಯ ಬುಡವೇ ಉತ್ತರ.

ಬದುಕಿ ಮರಳಿದವನ ನೋವು ಬೇರೆಯದು. ಪಕ್ಕದಲ್ಲಿದ್ದವನು ಹೋದ, ನಾನು ಉಳಿದೆ, ನನ್ನ ಬದಲಿಗೆ ಅವನು ಈಡಾದನಲ್ಲ ಎಂದು ಅವನು ವರ್ಷಗಟ್ಟಲೆ ಕೊರಗುತ್ತಾನೆ. ಮನೆಯವರಿಗೂ ಸಂಬಂಧಿಕರಿಗೂ ಇದು ಕಾಣದು. ಅವನು ಊಟ ಬಿಟ್ಟಾಗ, ಕಾರಣವಿಲ್ಲದೆ ಸಿಡುಕಿದಾಗ, ಪಟಾಕಿಯ ಸದ್ದಿಗೆ ಬೆಚ್ಚಿದಾಗ ಮಾತ್ರ ಏನೋ ಇದೆ ಎಂದು ತಿಳಿಯುತ್ತದೆ. ಅಂಥವನಿಗೆ ವೈದ್ಯರ ನೆರವು ಬೇಕು, ಜೊತೆಯವರ ಕಿವಿ ಬೇಕು. ಸಭೆ ಕೊಡಬಹುದಾದದ್ದು ಈಡಿನ ಸತ್ಯ. ಗೆಳೆಯನ ಸಾವನ್ನು ತನ್ನ ಮೇಲಿನ ಸಾಲಪತ್ರವಾಗಿ ಹೊರಬೇಕಾಗಿಲ್ಲ. ಅದು ಕೊಟ್ಟು ಹೋದ ಪ್ರೀತಿ. ಪ್ರೀತಿಗೆ ಮರುಪಾವತಿ ಇಲ್ಲ, ಅದನ್ನು ಮುಂದಕ್ಕೆ ಹಂಚುವುದೊಂದೇ ದಾರಿ. ಮಗನನ್ನು ಕಳೆದುಕೊಂಡ ತಾಯಿಗೆ ‘ದೇವರೇ ಅವನನ್ನು ಈಡಾಗಿ ತೆಗೆದುಕೊಂಡ’ ಎಂದು ಯಾರಾದರೂ ಹೇಳಿದರೆ ಅದು ಸುವಾರ್ತೆಯಲ್ಲ, ಸುವಾರ್ತೆಯ ತಲೆಕೆಳಗು. ಈ ದೇವರು ಮಕ್ಕಳನ್ನು ಈಡಾಗಿ ಪಡೆಯುವವನಲ್ಲ. ಮಗನನ್ನು ಕಳೆದುಕೊಂಡವಳ ಪಕ್ಕದಲ್ಲಿ, ಮಗನನ್ನು ಕೊಟ್ಟವನಾಗಿ ಕುಳಿತುಕೊಳ್ಳುವವನು.

ಯುದ್ಧಸ್ಮಾರಕಗಳ ಎದುರೂ ಈ ಎಚ್ಚರ ಬೇಕು. ಪುಣೆಯ ಕಿರ್ಕಿಯ ಯುದ್ಧಸ್ಮಶಾನದಂಥ ಕಡೆಗಳಲ್ಲಿ ಬ್ಲೂಮ್‌ಫೀಲ್ಡ್ ಎಂಬ ವಾಸ್ತುಶಿಲ್ಪಿ ರೂಪಿಸಿದ ಕಲ್ಲಿನ ಶಿಲುಬೆ ಇರುತ್ತದೆ, ಅದರ ಮೇಲೆ ಮೊನೆ ಕೆಳಗಾದ ಕಂಚಿನ ಕತ್ತಿ. ಗೆಳೆಯರಿಗಾಗಿ ಪ್ರಾಣ ಕೊಡುವ ಪ್ರೀತಿಯನ್ನು ಕುರಿತು ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಬರುವ ಮಾತನ್ನು ಲೋಕದ ಎಷ್ಟೋ ಸ್ಮಾರಕಗಳ ಮೇಲೆ ಕೆತ್ತಿದ್ದಾರೆ. ಅದು ಸಲ್ಲತಕ್ಕ ಗೌರವ. ಸೈನಿಕನ ಸಾವಿನಲ್ಲಿ ಆ ಪ್ರೀತಿಯ ಹೋಲಿಕೆ ಕಾಣುತ್ತದೆ, ಅದಕ್ಕೇ ಕಣ್ಣು ತುಂಬುತ್ತದೆ. ಆದರೆ ಹೋಲಿಕೆಯೇ ಮೂಲವಾಗದು. ಸ್ವಾಮಿ ಆ ಮಾತನ್ನು ಹೇಳಿದ ರಾತ್ರಿಯೇ ಗೆಳೆಯರೆಲ್ಲ ಓಡಿಹೋದರು. ನಾವು ಶತ್ರುಗಳಾಗಿದ್ದಾಗಲೇ ಕ್ರಿಸ್ತ ನಮಗಾಗಿ ಪ್ರಾಣ ಕೊಟ್ಟನೆಂದು ಪೌಲರು ರೋಮಾಪುರದವರಿಗೆ ಬರೆದ ಪತ್ರ ಸಾರುತ್ತದೆ. ಸೈನಿಕ ತನ್ನ ದೇಶದವರಿಗಾಗಿ ಸಾಯುತ್ತಾನೆ, ಅದು ದೊಡ್ಡದು. ಗಡಿಯ ಆಚೆಯವನಿಗೂ ಸೇರಿಸಿ ಕೊಟ್ಟ ಈಡು ಮಾತ್ರ ಒಂದೇ. ಇದನ್ನು ಮರೆತು ನಾಡುಗಳು ತಮ್ಮ ಯುದ್ಧಗಳಿಗೆ ದೇವರ ಈಡಿನ ಹೆಸರಿಟ್ಟಾಗ ಬೆಲೆ ತೆರುವವನು ಬಡಸಿಪಾಯಿ.

ಈಡಿನ ಬಳಗದಲ್ಲಿ ಇನ್ನೂ ಎರಡು ಪದಗಳಿವೆ, ಎರಡೂ ಈ ಭರವಸೆಗೆ ಕನ್ನಡವೇ ಕೊಟ್ಟ ಸಾಕ್ಷಿ. ಒಂದು, ‘ಈಡುಗಾಯಿ’. ಗುಡಿಯಲ್ಲಿ ಹಣ್ಣುಕಾಯಿ ಮಾಡಿಸಿದರೆ ಒಡೆದ ಕಾಯಿಯ ಹೋಳು ಪ್ರಸಾದವಾಗಿ ನಮ್ಮ ಬುಟ್ಟಿಗೆ ಮರಳುತ್ತದೆ. ಈಡುಗಾಯಿ ಹಾಗಲ್ಲ. ಎತ್ತಿ ಕಲ್ಲಿಗೆ ಅಪ್ಪಳಿಸಿದ ಮೇಲೆ ಕೊಟ್ಟವನು ಅದರತ್ತ ಕೈಚಾಚುವುದಿಲ್ಲ. ಚೂರುಗಳನ್ನು ಸುತ್ತ ನಿಂತ ಮಕ್ಕಳು, ಬಡವರು ಆಯ್ದುಕೊಳ್ಳುತ್ತಾರೆ, ಯಾರು ಯೋಗ್ಯರು ಎಂದು ಯಾರೂ ಕೇಳುವುದಿಲ್ಲ. ಕ್ರೈಸ್ತರ ಮನೆಗಳಲ್ಲಿ ಈಡುಗಾಯಿ ಒಡೆಯುವ ಪದ್ಧತಿಯಿಲ್ಲ. ಆದರೂ ಕೃಪೆ ಎಂಬುದನ್ನು ಕನ್ನಡದ ಕೂಸಿಗೆ ತಿಳಿಸಬೇಕಾದರೆ ಇದಕ್ಕಿಂತ ಒಳ್ಳೆಯ ಪದ ಸಿಗುವುದು ಕಷ್ಟ. ಒಡೆದದ್ದು ಎಲ್ಲರಿಗಾಗಿ, ಆಯ್ದುಕೊಳ್ಳಲು ಬಾಗಿದರೆ ಸಾಕು.

ಇನ್ನೊಂದು, ‘ಈಡೇರು’. ಈಡು ತನ್ನ ಅಳತೆಯನ್ನು ಮುಟ್ಟಿದಾಗ ಆಸೆ ಈಡೇರುತ್ತದೆ, ಹರಕೆ ಈಡೇರುತ್ತದೆ, ಕೊಟ್ಟ ಮಾತು ಈಡೇರುತ್ತದೆ. ಶಿಲುಬೆಯ ಮೇಲಿನ ಕಡೆಯ ನುಡಿಗಳಲ್ಲಿ ಒಂದಕ್ಕೆ ಕನ್ನಡ ಬೈಬಲು ‘ತೀರು’ ಎಂಬ ಧಾತುವನ್ನು ಬಳಸಿದೆ. ಕನ್ನಡಿಗನ ಬಾಯಲ್ಲಿ ಕೆಲಸ ತೀರುತ್ತದೆ, ಮನುಷ್ಯ ತೀರಿಕೊಳ್ಳುತ್ತಾನೆ, ಸಾಲವೂ ತೀರುತ್ತದೆ. ಆ ಮಧ್ಯಾಹ್ನ ಈ ಮೂರೂ ಒಟ್ಟಿಗೆ ನಡೆದವು. ಸಾಲ ತೀರಿದ ಮೇಲೆ ಈಡು ಇಟ್ಟವನಿಗೆ ಮರಳಬೇಕು ಎಂಬುದು ಅಡವಿನ ನ್ಯಾಯ. ಈಸ್ಟರ್ ಹಬ್ಬದ ಬೆಳಗ್ಗೆ ಖಾಲಿ ಸಮಾಧಿಯ ಸುದ್ದಿ ಕೇಳಿದ ಕನ್ನಡಿಗ ಆ ನ್ಯಾಯವನ್ನು ನೆನೆಯಲಿ: ಈಡು ಮರಳಿ ಬಂದಿದೆ, ಅಂದರೆ ಸಾಲ ಪೂರ್ತಿ ಸಂದಿದೆ. ಗಡಿಯಲ್ಲಿ ಕಾವಲಿಗೆ ನಿಂತಿರುವ ನಮ್ಮ ಹುಡುಗರೂ ಹುಡುಗಿಯರೂ ಋಣಭಾರದಿಂದ ಕುಗ್ಗಿ ನಿಲ್ಲಬೇಕಾಗಿಲ್ಲ. ಪ್ರೀತಿಸಲ್ಪಟ್ಟವರಾಗಿ, ಬಿಡುಗಡೆಯಾದವರಾಗಿ ನಿಲ್ಲಲಿ, ಕೈಗೆ ಬಂದ ಕರ್ತವ್ಯವನ್ನು ಕೈ ಕೊಳೆ ಮಾಡಿಕೊಳ್ಳದೆ ನಡೆಸಲಿ, ಬದುಕಿ ಮನೆಗೆ ಬರಲಿ. ಅವರಿಗಾಗಿ ಮಾಡುವ ಪ್ರಾರ್ಥನೆಯಲ್ಲಿ ನಾವು ಉಳಿಸಿಕೊಳ್ಳಬೇಕಾದ ಪದ ಈಡು, ಅದರ ಪಕ್ಕದಲ್ಲಿ ಯಾವಾಗಲೂ ಇರಬೇಕಾದ ಕ್ರಿಯಾಪದ ‘ಕೊಟ್ಟನು’.